ಸಂನ್ಯಾಸಾರ್ಥಿಗೆ ಗ್ರಂಥವೇಕೆ?

ಸಂನ್ಯಾಸವನ್ನು ಬಯಸುವವನಿಗೆ ಗ್ರಂಥಪಠನವು ಅನಾವಶ್ಯಕವೆಂದೂ, ವೈರಾಗ್ಯಕ್ಕೆ ಅದು ವಿಘ್ನವೇ ಆಗುವುದೆಂದೂ ವಾದಿಸುವವರುಂಟು. ಇವರ ಕೈಯ ದೊಡ್ಡ ಅಸ್ತ್ರವು ದುರ್ವಾಸರ ಕಥೆ. ಪುಸ್ತಕಗಳ ಹೊರೆಯೊಡನೆ ಶಿವನ ಸಭೆಗೆ ಬಂದ ಆ ಮುನಿಗಳನ್ನು ನಾರದರು ಭಾರ ಹೊತ್ತ ಕತ್ತೆಗೆ ಹೋಲಿಸಿದರು. ಮುನಿಗಳು ಕುಪಿತರಾಗಿ ಪುಸ್ತಕಗಳನ್ನೆಲ್ಲ ಉಪ್ಪುಸಮುದ್ರಕ್ಕೆಸೆದರು. ಬಳಿಕ ಶಿವನು ಅವರಿಗೆ ಆತ್ಮವಿದ್ಯೆಯನ್ನು ಉಪದೇಶಿಸಿದನು. ಕಥೆಯೇನೋ ಸರಿಯೆ. ಆದರೆ ಅದನ್ನು ಹೇಳಿದವರಾರು? ಶೃಂಗೇರಿಯ ಪೀಠವನ್ನಲಂಕರಿಸಿದ ವಿದ್ಯಾರಣ್ಯರು, ತಮ್ಮ ಜೀವನ್ಮುಕ್ತಿವಿವೇಕದಲ್ಲಿ. ಶಾಸ್ತ್ರವಾಸನೆಯ ದೋಷಕ್ಕೆ ಈ ದೃಷ್ಟಾಂತವನ್ನು ಕೊಟ್ಟ ಆ ಯತಿವರರೇ ಅದೇ ಗ್ರಂಥದಲ್ಲಿ ಯೋಗವಾಸಿಷ್ಠದ ಶ್ಲೋಕಗಳನ್ನು ಹೆಜ್ಜೆಹೆಜ್ಜೆಗೂ ಉದಾಹರಿಸಿರುವರು. ತಿಳಿಯಬೇಕೆಂಬ ಇಚ್ಛೆಯಿಂದ ಕೈಕೊಳ್ಳುವ ವಿವಿದಿಷಾಸಂನ್ಯಾಸವನ್ನು, ತಿಳಿದವನ ವಿದ್ವತ್ಸಂನ್ಯಾಸದಿಂದ ಬೇರ್ಪಡಿಸಿಯೂ ಇರುವರು. ದುರ್ವಾಸರು ಎಸೆದುದು ತಾವು ಹೊತ್ತುದನ್ನು. ಏನನ್ನೂ ಹೊರದವನು ಎಸೆಯುವುದೇನನ್ನು?

ಇವರು ರಮಣ ಮಹರ್ಷಿಗಳನ್ನೂ ಸಾಕ್ಷಿಗೆ ಕರೆಯುವರು. 1896ರಲ್ಲಿ, 16ರ ಪ್ರಾಯದಲ್ಲಿ, ಮಧುರೆಯಲ್ಲಿ ಆತ್ಮಾನುಭವವನ್ನು ಪಡೆದು ತಿರುವಣ್ಣಾಮಲೆಗೆ ತೆರಳಿದ ಅವರು ವೇದಾಂತಗ್ರಂಥಗಳನ್ನೋದಿರಲಿಲ್ಲವೆಂಬುದು ದಿಟ. ಆದರೆ ಅದಕ್ಕೆ ಮುಂಚೆಯೇ ಪೆರಿಯಪುರಾಣವನ್ನೋದಿ, 63 ಮಂದಿ ಪುರಾತನರ ಚರಿತ್ರೆಗೆ ಮನಸೋತಿದ್ದರೆಂಬುದನ್ನು ಇವರು ಮರೆಯುವರು. ಅರುಣಾಚಲವನ್ನು ಸೇರಿದ ಮೇಲೂ ಮಹರ್ಷಿಗಳು ಕೈವಲ್ಯನವನೀತವೇ ಮೊದಲಾದವುಗಳನ್ನೋದಿ, ತಮ್ಮ ಅನುಭವವನ್ನೇ ಅವುಗಳಲ್ಲಿ ಗುರುತಿಸಿದರು. ಮನೆ ಬಿಟ್ಟ ದಿನ ಅವರು ಕೈಯಿಂದ ಕೆಳಗಿಟ್ಟುದು ಇಂಗ್ಲಿಷ್ ವ್ಯಾಕರಣದ ಪಾಠವನ್ನು, ಅದನ್ನೂ ಶಾಸ್ತ್ರತ್ಯಾಗವೆಂದೆಣಿಸುವರೇನೋ!

ಇನ್ನು, ಓದಿನಿಂದ ಹುಟ್ಟುವುದು ಬರಿಯ ಪುರಾಣವೈರಾಗ್ಯವೆಂಬ ಆಕ್ಷೇಪ. ಹಿರಿಯರು ಅದರ ಜೊತೆಗೆ ಶ್ಮಶಾನವೈರಾಗ್ಯ, ಪ್ರಸೂತಿವೈರಾಗ್ಯಗಳನ್ನೂ ಎಣಿಸಿರುವರು. ಚಿತೆಯ ಮುಂದೆ ನಿಂತವನ ಕೈಯಲ್ಲಿ, ಹೆರಿಗೆಯ ನೋವಿನಲ್ಲಿರುವವಳ ಕೈಯಲ್ಲಿ ಯಾವ ಪುಸ್ತಕವಿದ್ದಿತು? ದೋಷವು ಪುಸ್ತಕದ್ದಲ್ಲ, ಮನಸ್ಸಿನ ಚಾಂಚಲ್ಯದ್ದು. ಅದನ್ನು ಹೊರಗೆಡಹುವ ಉಪಾಯವೂ ಓದೇ. ಸಾಹುಕಾರನ ಕಾಟದಿಂದ ಬೇಸತ್ತವನಿಗೆ ಭರ್ತೃಹರಿಯ ವೈರಾಗ್ಯಶತಕವು ಒಂದು ರಾತ್ರಿ ಅಮೃತಪ್ರಾಯವಾಗಿ ತೋರುವುದು. ಸಾಲ ತೀರಿ, ಮನೆಯ ಜಗಳವಡಗಿ, ಹೊಲದಲ್ಲಿ ಬೆಳೆ ತಲೆದೂಗುತ್ತಿರುವಾಗ ಅವನು ಅದೇ ಶತಕವನ್ನು ಮತ್ತೆ ತೆರೆಯಲಿ. ಆಗಲೂ ಮನಸ್ಸು ಅತ್ತಲೇ ಹರಿದರೆ ಧೈರ್ಯವಾಗಿ ಗುರುವನ್ನರಸಿ ಹೋಗಲಿ. ಆಕಳಿಕೆ ಬಂದರೆ, ಅವನು ಬಿಡಬೇಕೆಂದಿದ್ದುದು ಸಂಸಾರವನ್ನಲ್ಲ, ಸಾಹುಕಾರನನ್ನು. ಇಷ್ಟು ಮಾತ್ರದ ಪರೀಕ್ಷೆಯನ್ನೂ ಬೇಡವೆಂದು, ಕಾಷಾಯವನ್ನು ಹೊದಿಸಿ ಕಳುಹಿಸುವ ಈ ಉಪದೇಶಕರು, ಆರು ತಿಂಗಳಲ್ಲಿ ಅವನು ತಲೆತಗ್ಗಿಸಿ ಹಿಂದಿರುಗಿದಾಗ, ಅಷ್ಟರಲ್ಲಿ ಹೊಲವನ್ನು ಮಾರಿಕೊಂಡು ಮಕ್ಕಳನ್ನು ಸಾಕಿದ ಅವನ ಹೆಂಡತಿಗೆ ಏನು ಉತ್ತರ ಕೊಡುವರು?