ಬೀಗ ಒಬ್ಬರದು, ಬೈಗುಳ ಇನ್ನೊಬ್ಬರಿಗೆ

ಪೆನ್‌ಡ್ರೈವ್ ತೆರೆಯಲಿಲ್ಲವೆಂದರೆ ರಿಪೇರಿಯವರ ಮಾತು ಒಂದೇ: “ಲಿನಕ್ಸ್ ತೆಗೆಸಿ, ವಿಂಡೋಸ್ ಹಾಕಿಸಿ ಮೇಡಂ.” ನಾನಂತೂ ಇದನ್ನು ಒಪ್ಪುವವಳಲ್ಲ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕಂಪ್ಯೂಟರಿಗೆ ಡ್ರೈವ್ ಕಂಡಿದೆಯೋ ಇಲ್ಲವೋ ತಿಳಿಯುತ್ತದೆ. ಪಟ್ಟಿಯಲ್ಲಿ ಇಲ್ಲವೇ? ಬೇರೆ ಪೋರ್ಟಿಗೆ ಹಾಕಿ ನೋಡಿ. ಇದ್ದೂ ತೆರೆಯದಿದ್ದರೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಮೇಲೆ ಗುಮಾನಿಪಡಬೇಕು. ಅದು ಮೈಕ್ರೋಸಾಫ್ಟಿನದು; ಅದರ ಒಳವಿವರವನ್ನು ಕಂಪೆನಿ ಎಲ್ಲರೆದುರು ಬಿಚ್ಚಿಟ್ಟದ್ದೇ 2019ರಲ್ಲಿ. ಅದನ್ನು ಓದುವ ಡ್ರೈವರ್ ಲಿನಕ್ಸಿನ 5.4ನೇ ಕರ್ನೆಲ್‌ಗೆ ಸೇರಿದ್ದೂ ಅದೇ ವರ್ಷ. ಹಳೆಯ ಲಿನಕ್ಸಿಗೆ ಎಕ್ಸ್‌ಫ್ಯಾಟ್-ಫ್ಯೂಸ್ ಎಂಬ ಪುಕ್ಕಟೆ ತಂತ್ರಾಂಶ ಸಾಕು. ಬೀಗ ಹಾಕಿದವರನ್ನು ಬಿಟ್ಟು ಬಾಗಿಲಲ್ಲಿ ನಿಂತವರನ್ನು ಬೈಯುವುದೇ? (ಸೊಸೆಯಂದಿರಿಗೆ ಇದೇನೂ ಹೊಸದಲ್ಲ ಬಿಡಿ.) ಎಲ್ಲ ಅಳಿಸಿ ಹೊಸದು ಹಾಕಲು ಹೊರಟರೆ ನಿಮ್ಮ ಫೋಟೋ, ಮನೆಲೆಕ್ಕಗಳೂ ಹೋದಾವು. “ಮೊದಲು ಆ ಪಟ್ಟಿ ತೋರಿಸಿ” ಎನ್ನಿ. ಅವರಿಗೆ ಬಾರದಿದ್ದರೆ ನೀವೇ ಒತ್ತಿ ತೋರಿಸಿ.