ಹೆದೆಗೆ ಎಷ್ಟು ಹುರಿ ಬೇಕು?

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಅಂಗಳದಲ್ಲಿ ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನೂ ಅದೇ ಗಿಡದ ಎಲೆತೊಟ್ಟಿನ ಬಾಣವನ್ನೂ ಕೂಸಿನ ಕೈಗೆ ಮುಟ್ಟಿಸುವುದು ಸಂಪ್ರದಾಯ. ಕೋವಿ ಬಂದು ಎಷ್ಟೋ ಕಾಲವಾದರೂ ಕೊಡಗು ಬಿಲ್ಲನ್ನು ಮರೆತಿಲ್ಲ. ಆದರೆ ಬಿಲ್ಲನ್ನು ಹೊಗಳುವವರು ಹೆದೆಯನ್ನು ಗಮನಿಸುವುದು ಕಡಿಮೆ. ಬಿದಿರ ಸೀಳಿಗೆ ಸಿಕ್ಕಿದ ದಾರ ಕಟ್ಟಿ ಎಳೆಯುವ ಹುಡುಗರಂತೂ ಅದರ ಗೋಜಿಗೇ ಹೋಗುವುದಿಲ್ಲ. ದಾರ ಕಿತ್ತು ಮುಖಕ್ಕೆ ಬಡಿದಾಗಲೇ ಅದರ ನೆನಪು!

ಹೆದೆಗೆ ಸಂಸ್ಕೃತದಲ್ಲಿ ಮೌರ್ವಿ ಎಂಬ ಹೆಸರಿದೆ. ಮೂರ್ವಾ ಎಂಬ ಗಿಡದ ನಾರಿನಿಂದ ಮಾಡಿದ್ದು ಎಂದರ್ಥ. ಎಕ್ಕದ ನಾರೂ ಹೆದೆಗೆ ಬಳಕೆಯಾಗಿದೆ. ಇನ್ನೊಂದು ಹೆಸರು ಜ್ಯಾ. ಆರ್ಯಭಟನ ಗಣಿತದಲ್ಲಿ ಬರುವ ಈ ಪದವೇ ಅರಬರ ಮೂಲಕ ಯುರೋಪಿಗೆ ಹೋಗಿ, ತಪ್ಪು ಅನುವಾದಗೊಂಡು 'ಸೈನ್' ಆಯಿತು. ತ್ರಿಕೋನಮಿತಿಗೆ ಹೆದರುವ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ನಾರನ್ನು ಹೊಸೆಯುವುದೇಕೆ? ದೀಪದ ಬತ್ತಿಗೆಂದು ಇಟ್ಟ ಹತ್ತಿಯನ್ನು ಸ್ವಲ್ಪ ಎಳೆದು ನೋಡಿ, ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಅದನ್ನೇ ಬಿಗಿಯಾಗಿ ಹೊಸೆದು ಎಳೆಯಿರಿ, ಬಿಡುವುದಿಲ್ಲ. ಎಳೆದಷ್ಟೂ ಎಳೆಗಳು ಒಂದನ್ನೊಂದು ಒತ್ತುತ್ತವೆ, ಅವುಗಳ ನಡುವಿನ ಘರ್ಷಣೆ ಹೆಚ್ಚುತ್ತದೆ. ಗಿಡ್ಡ ನಾರುಗಳು ಉದ್ದ ದಾರವಾಗುವುದು ಈ ಘರ್ಷಣೆಯಿಂದಲೇ.

ಆದರೆ ಹುರಿ ಹಾಕಿದರೆ ಉದ್ದ ಕುಗ್ಗುತ್ತದೆ. ಕಾಗದದಲ್ಲಿ ಲಂಬಕೋನ ತ್ರಿಭುಜ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿ, ಕರ್ಣ ಸುರುಳಿಯಾಗುತ್ತದೆ. ಆ ಕರ್ಣವೇ ನಾರಿನ ಎಳೆ, ಪೆನ್ಸಿಲ್ಲಿನಗುಂಟ ನಿಂತ ಬಾಹುವೇ ಹೆದೆಯ ಉದ್ದ. ಉಳಿದದ್ದು ಪೈಥಾಗೊರಸನ ಕೆಲಸ. 1500 ಮಿಲಿಮೀಟರ್ ಉದ್ದದ ಎಳೆ, ನಡುವಿನಿಂದ 1 ಮಿಲಿಮೀಟರ್ ದೂರದಲ್ಲಿ 20 ಸುತ್ತು ಸುತ್ತಿದರೆ ಸುಮಾರು 5 ಮಿಲಿಮೀಟರ್ ಕುಗ್ಗುತ್ತದೆ. 40 ಸುತ್ತು ಹಾಕಿದರೆ? ಹತ್ತಲ್ಲ, ಸುಮಾರು 21! ಸುತ್ತು ಇಮ್ಮಡಿಯಾದರೆ ಕುಗ್ಗುವಿಕೆ ನಾಲ್ಕು ಪಟ್ಟು.

ಹೆದೆ ಕುಗ್ಗಿದಾಗ ಬಿಲ್ಲು ಇನ್ನಷ್ಟು ಬಾಗುತ್ತದೆ. ಹಿಡಿಗೂ ಹೆದೆಗೂ ನಡುವಿನ ಅಂತರ ಹೆಚ್ಚುತ್ತದೆ. ಅಂತರ ತೀರ ಕಡಿಮೆಯಾದರೆ ಹೆದೆ ಮುಂಗೈಗೆ ಬಡಿಯುತ್ತದೆ. ಹೆಚ್ಚಾದರೆ ಬಾಣವನ್ನು ತಳ್ಳುವ ದೂರ ಮೊಟಕಾಗಿ ವೇಗ ತಗ್ಗುತ್ತದೆ. ಬಿಲ್ಲುಗಾರರು ಹುರಿಯನ್ನು ಒಂದೆರಡು ಸುತ್ತು ಕೂಡಿಸಿ ಕಳೆದು ಈ ಅಂತರವನ್ನು ಸರಿಪಡಿಸುವುದುಂಟು; ಬೇರೆ ಉಪಕರಣವೇ ಬೇಡ. ಇಂದಿನ ಪಾಲಿಯೆಸ್ಟರ್, ಪಾಲಿಎಥಿಲೀನ್ ಹೆದೆಗಳ ಎಳೆಗಳು ಉದ್ದಕ್ಕೂ ಅಖಂಡ. ಕೂಡಿಸಿ ಹಿಡಿಯಲು ಹುರಿಯ ಅಗತ್ಯವಿಲ್ಲ. ಆದರೂ ಎಳೆಗಳು ಚದುರದೆ ಹೆದೆ ದುಂಡಗಿರಲೆಂದು ಸಾಮಾನ್ಯವಾಗಿ 20ರಿಂದ 30 ಸುತ್ತು ಕೊಡುತ್ತಾರೆ.

ಹುರಿ ಅತಿಯಾದರೆ ಎಳೆಗಳು ಓರೆಯಾಗಿ, ಅದೇ ಭಾರಕ್ಕೆ ಪ್ರತಿ ಎಳೆಯೂ ಹೆಚ್ಚು ಸೆಳೆತ ಹೊರಬೇಕಾಗುತ್ತದೆ. ಒಂದರ ಮೇಲೊಂದು ಉಜ್ಜಿ ಸವೆಯುತ್ತವೆ. ಹೆದೆ ಸ್ಪ್ರಿಂಗಿನಂತೆ ಹಿಗ್ಗಿ, ಬಾಣಕ್ಕೆ ಸಿಗಬೇಕಾದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಸಡಿಲ ಬಿಟ್ಟರೆ ಗಂಟುಗಂಟಾಗಿ ಸುರುಳಿ ಸುತ್ತಿಕೊಳ್ಳುವುದು ಅತಿಯಾದ ಹುರಿಯ ಗುರುತು. ಹಗ್ಗ ಮಾಡುವವರು ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಅವನ್ನು ಕೂಡಿಸುವಾಗ ಎದುರು ದಿಕ್ಕಿಗೆ ತಿರುಚುತ್ತಾರೆ. ಒಂದರ ಬಿಚ್ಚುವ ಒತ್ತಡವನ್ನು ಇನ್ನೊಂದು ತಡೆಯುತ್ತದೆ.

ಕೊಡಗಿನ ಮಳೆಗಾಲ ಇನ್ನೊಂದು ಪಾಠ ಹೇಳುತ್ತದೆ. ಬಟ್ಟೆ ಒಣಹಾಕುವ ಹತ್ತಿಹಗ್ಗ ನೆನೆದಾಗ ಬಿಗಿಯಾಗುವುದನ್ನು ಗಮನಿಸಿದ್ದೀರಾ? ನಾರು ನೀರು ಕುಡಿದು ದಪ್ಪವಾಗುತ್ತದೆ; ಸುರುಳಿಯ ತ್ರಿಜ್ಯ ಹೆಚ್ಚಿ ಹಗ್ಗ ಕುಗ್ಗುತ್ತದೆ. ಸಸ್ಯನಾರಿನ ಹೆದೆಗೂ ಇದೇ ಗತಿ. ಜೇನುಮೇಣ ತಿಕ್ಕಿದರೆ ನೀರು ಬೇಗ ಇಳಿಯುವುದಿಲ್ಲ, ಎಳೆಗಳ ಸವೆತವೂ ಕಡಿಮೆ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದಿನಂದು ಆಯುಧಗಳಿಗೆ ಪೂಜೆ ನಡೆಯುವಾಗ ಮಕ್ಕಳ ಬಿಲ್ಲನ್ನೂ ಹೆತ್ತವರು ಒಮ್ಮೆ ನೋಡುವುದು ಒಳ್ಳೆಯದು. ಕೊಂಡಿಯ ಬಳಿ, ಬಾಣ ಕೂರುವ ನಡುಭಾಗದಲ್ಲಿ ಒಂದು ಎಳೆ ಹರಿದಿದ್ದರೂ ಆ ಹೆದೆ ಬಿಸಾಡಿ. ಬಾಣವಿಲ್ಲದೆ ಎಳೆದು ಬಿಡಲು ಮಕ್ಕಳಿಗೆ ಅವಕಾಶ ಕೊಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ಹೆದೆಯ ಮೇಲೂ ಬಿಲ್ಲಿನ ಮೇಲೂ ಎರಗುತ್ತದೆ.