ಡಬ್ಬಿ ತೆರೆಯಲಾಗದವನ ಪಾಡು

ಜೋಂಬಿ ಆಟಗಳೆಂದರೆ ರಕ್ತದ ಚಪಲ ತೀರಿಸುವ ಯಂತ್ರಗಳು ಎಂದು ಈಚೆಗೆ ಓದಿದ ಲೇಖನವೊಂದು ಷರಾ ಬರೆದುಬಿಟ್ಟಿದೆ. ಅದರ ಲೇಖಕರು ‘ಪ್ರಾಜೆಕ್ಟ್ ಝೋಂಬಾಯ್ಡ್’ ಎಂಬ ವಿಡಿಯೊ ಗೇಮ್ ಆಡಿದಂತಿಲ್ಲ. 1993ರ ಅಮೆರಿಕದ ಕೆಂಟಕಿಯಲ್ಲಿ ನಡೆಯುವ ಈ ಆಟ, ನೀವು ಸಾಯುವುದು ಖಚಿತವೆಂದು ಆರಂಭದಲ್ಲೇ ಹೇಳಿಬಿಡುತ್ತದೆ. ಬಂದೂಕು ಹಾರಿಸಿದರೆ ಆ ಸದ್ದಿಗೇ ಜೋಂಬಿಗಳ ಹಿಂಡು ಮುತ್ತುತ್ತದೆ. ಶೂರನೇ ಮೊದಲು ಸಾಯುತ್ತಾನೆ. ಬದುಕುವವನು ಕಿಟಕಿಗೆ ಬೆಡ್‌ಶೀಟ್ ಕಟ್ಟುತ್ತಾನೆ, ನಲ್ಲಿ ನಿಲ್ಲುವ ಮುನ್ನ ಪಾತ್ರೆಗಳಿಗೆಲ್ಲ ನೀರು ತುಂಬುತ್ತಾನೆ, ಕರೆಂಟು ಹೋದಮೇಲೆ ಫ್ರಿಜ್ಜಿನಲ್ಲಿ ಯಾವುದು ಮೊದಲು ಕೆಡುತ್ತದೆಂದು ಲೆಕ್ಕ ಹಾಕುತ್ತಾನೆ. ಒಮ್ಮೆ ಆಟದಲ್ಲಿ ನನ್ನ ಬಳಿ ಆರು ಡಬ್ಬಿ ಆಹಾರವಿತ್ತು, ತೆರೆಯಲು ಓಪನರ್ ಇರಲಿಲ್ಲ! ಅದನ್ನು ಹುಡುಕುತ್ತ ಪಕ್ಕದ ಮನೆ ಹೊಕ್ಕವನು ಮರಳಲಿಲ್ಲ. ಇದರಲ್ಲಿ ಕ್ರೌರ್ಯದ ಸುಖ ಎಲ್ಲಿದೆ? ಇರುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಸಂಸಾರದ ಎಚ್ಚರ. ಆ ಲೇಖಕರು ಟೀಕಿಸಲಿ, ಬೇಡವೆನ್ನುವುದಿಲ್ಲ, ಮೊದಲು ಒಂದು ರಾತ್ರಿ ಆಡಿ ನೋಡಲಿ.